ಗ್ರ್ಯಾನ್ ಟುರಿಸ್ಮೊ 4: ಕಾರಿಗೆ ಜೀವ ಉಂಟು, ಎದುರಾಳಿಗೆ ಇಲ್ಲ

ಪ್ಲೇಸ್ಟೇಷನ್ 2ಕ್ಕೆ ಒಂದೇ ಒಂದು ಕಾರ್ ಗೇಮ್ ಇಟ್ಟುಕೊಳ್ಳುವುದಾದರೆ ಅದು ಗ್ರ್ಯಾನ್ ಟುರಿಸ್ಮೊ 4 ಆಗಿರಬೇಕು. ಆದರೆ ಕೊಳ್ಳುವ ಮೊದಲು ಒಂದು ವಿಷಯ ಗೊತ್ತಿರಲಿ. ಇದರಲ್ಲಿ ಕಾರು ಓಡಿಸುವ ಸುಖ ಎಷ್ಟು ಉಂಟೋ, ಪೈಪೋಟಿಯ ಬಿಸಿ ಅಷ್ಟೇ ಕಡಿಮೆ. ಪೊಲೀಸರು ಬೆನ್ನಟ್ಟಬೇಕು, ಪಕ್ಕದ ಕಾರಿಗೆ ಗುದ್ದಿ ಮುಂದೆ ಹೋಗಬೇಕು ಎನ್ನುವವರು ನೀಡ್ ಫಾರ್ ಸ್ಪೀಡ್ ಕಡೆ ಹೋಗುವುದೇ ಒಳ್ಳೆಯದು. ಒಂದು ತಿರುವನ್ನು ನಿನ್ನೆಗಿಂತ ಇವತ್ತು ಚೆನ್ನಾಗಿ ತೆಗೆದುಕೊಂಡೆ ಎಂಬುದೇ ಸಾಕು ಎನ್ನುವವರಿಗೆ ಈ ಡಿಸ್ಕ್ ವರ್ಷಗಟ್ಟಲೆ ಸಾಕಾಗುತ್ತದೆ.

ಕಜುನೊರಿ ಯಾಮಾಉಚಿ ಅವರ ಮುಂದಾಳತ್ವದಲ್ಲಿ ಪಾಲಿಫೊನಿ ಡಿಜಿಟಲ್ ಮಾಡಿದ ಗೇಮ್ ಇದು. ಜಪಾನಿನಲ್ಲಿ 2004ರ ಡಿಸೆಂಬರಿನಲ್ಲಿ ಬಂತು, ಅಮೆರಿಕ ಮತ್ತು ಯುರೋಪಿನಲ್ಲಿ 2005ರ ಮೊದಲ ತಿಂಗಳುಗಳಲ್ಲಿ. ಕಾರುಗಳು 700ಕ್ಕೂ ಹೆಚ್ಚು. 1886ರ ಡೈಮ್ಲರ್ ಗಾಡಿಯಿಂದ ಹಿಡಿದು ಲೆ ಮಾನ್ಸ್ ಓಟದ ಕಾರುಗಳವರೆಗೆ ಎಲ್ಲವೂ ಉಂಟು. ನಮ್ಮ ರಸ್ತೆಯಲ್ಲಿ ದಿನಾ ಕಾಣುವ ಆಲ್ಟೊದ ಜಪಾನಿ ತಮ್ಮ, 660 ಸಿಸಿಯ ಸುಜುಕಿ ಆಲ್ಟೊ ವರ್ಕ್ಸ್ ಕೂಡ ಗ್ಯಾರೇಜಿಗೆ ಬರುತ್ತದೆ. ಫೆರಾರಿ, ಲ್ಯಾಂಬೋರ್ಗಿನಿ ಇಲ್ಲ. ಪೋರ್ಷೆಯ ಹೆಸರಿಲ್ಲ, ಅದರ ಬದಲಿಗೆ ಪೋರ್ಷೆ ಮೂಲದ ಕಾರು ಮಾಡುವ ಜರ್ಮನ್ ಕಂಪನಿ ರೂಫ್ ಉಂಟು. ಸಂಖ್ಯೆ ನೋಡಿ ಮಾತ್ರ ಮರುಳಾಗಬೇಡಿ: ಅದರಲ್ಲಿ ನಿಸ್ಸಾನ್ ಸ್ಕೈಲೈನ್ ಒಂದಕ್ಕೇ ಎಷ್ಟೋ ರೂಪ, ಮಾಜ್ದಾ ಎಂಎಕ್ಸ್-5ಕ್ಕೂ ಹಾಗೆಯೇ.

ಗೇಮಿನ ನಿಜವಾದ ಬೆಲೆ ಇರುವುದು ಬ್ರೇಕಿನಲ್ಲಿ. ಮಂಗಳೂರಿನ ಸಿಟಿ ಬಸ್ಸು ಜ್ಯೋತಿ ಸರ್ಕಲಿನ ಹತ್ತಿರ ಗಕ್ಕನೆ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಇಲ್ಲಿ ಕಾರಿನ ಭಾರವೂ ಹಾಗೆಯೇ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಮುಂದಿನ ಟಯರಿಗೆ ಹಿಡಿತ ಹೆಚ್ಚುವುದು ಆ ಹೊತ್ತಿನಲ್ಲಿ. ಅದೇ ಟಯರಿಗೆ ಪೂರ್ತಿ ಬ್ರೇಕನ್ನೂ ಪೂರ್ತಿ ತಿರುವನ್ನೂ ಒಟ್ಟಿಗೆ ಹೊರಿಸಿದರೆ ಅದು ಕೈಬಿಡುತ್ತದೆ, ಕಾರು ನೇರ ಹೊರಗೆ ಹೋಗುತ್ತದೆ. ಹೊಸಬರು ಹತ್ತರಲ್ಲಿ ಒಂಬತ್ತು ಸಲ ಎಡವುವುದು ಇಲ್ಲಿಯೇ.

ಜಪಾನಿನ ಸುಕುಬಾ ಟ್ರ್ಯಾಕಿನ ಮೊದಲ ಬಲ ತಿರುವನ್ನು ತೆಗೆದುಕೊಳ್ಳಿ. ಸುತ್ತಳತೆ ಸುಮಾರು 2 ಕಿಲೋಮೀಟರ್ ಇರುವ ಸಣ್ಣ ಟ್ರ್ಯಾಕ್, ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಎಂಎಕ್ಸ್-5ಕ್ಕೆ ಎನ್2 ಎಂಬ ಸಾಧಾರಣ ರಸ್ತೆ ಟಯರ್ ಹಾಕಿ. ಚಕ್ರ ಜಾರದಂತೆ ತಡೆಯುವ ಟಿಸಿಎಸ್, ಕಾರು ಅಡ್ಡ ತಿರುಗದಂತೆ ನೋಡುವ ಎಎಸ್ಎಂ ಎರಡನ್ನೂ ಸೊನ್ನೆಗೆ ಇಳಿಸಿ. ತಿರುವಿಗೆ ಮೊದಲು ಕಾರು ನೇರ ಇರುವಾಗಲೇ ಬ್ರೇಕನ್ನು ಬಲವಾಗಿ ಒತ್ತಬೇಕು, ಎರಡನೇ ಗೇರಿಗೆ ಬರಬೇಕು. ಆಮೇಲೆ ಬ್ರೇಕನ್ನು ಒಮ್ಮೆಲೇ ಬಿಡದೆ, ಕಂಟ್ರೋಲರಿನ ಸ್ಟಿಕ್ ಎಷ್ಟು ತಿರುಗಿಸುತ್ತೀರೋ ಅಷ್ಟೇ ಬ್ರೇಕನ್ನು ಸಡಿಲಿಸುತ್ತಾ ಒಳಬದಿಯ ಅಂಚಿಗೆ ಬರಬೇಕು. ಅಂಚು ಮುಟ್ಟುವ ತನಕ ಆಕ್ಸಿಲರೇಟರ್ ಮುಟ್ಟುವ ಹಾಗಿಲ್ಲ. ಮುಟ್ಟಿದ ಮೇಲೂ ಅರ್ಧ ಮಾತ್ರ, ಸ್ಟಿಕ್ ನೇರವಾದಂತೆಲ್ಲ ಪೂರ್ತಿ. ಟಯರಿನ ಶಬ್ದ ಕೇಳುತ್ತಿರಬೇಕು. ಸಣ್ಣಗೆ ಕುಂಯ್‌ಗುಟ್ಟಿದರೆ ಸರಿಯಾಗಿ ಉಂಟು, ಕಿರುಚಿದರೆ ನೀವು ಆಗಲೇ ಸಮಯ ಕಳೆದುಕೊಳ್ಳುತ್ತಿದ್ದೀರಿ. ಆಗುಂಬೆ ಘಾಟಿಯಲ್ಲಿ ಅನುಭವಸ್ಥ ಚಾಲಕರು ಹೇರ್‌ಪಿನ್‌ಗೆ ಮೊದಲೇ ವೇಗ ಇಳಿಸಿ ಗೇರು ಬದಲಿಸಿಕೊಂಡಿರುತ್ತಾರೆ, ತಿರುವಿನ ಒಳಗೆ ಹೊಸದಾಗಿ ಜೋರು ಬ್ರೇಕ್ ತುಳಿಯುವುದಿಲ್ಲ. ಅದೇ ಲೆಕ್ಕ ಇಲ್ಲಿಯೂ.

ಇದಕ್ಕೆಲ್ಲ ಕಂಟ್ರೋಲರ್ ಅಸಲಿಯೇ ಆಗಿರಬೇಕು. ಡ್ಯುಯಲ್‌ಶಾಕ್ 2ರ ಬಟನ್‌ಗಳಿಗೆ ಒತ್ತಡ ತಿಳಿಯುತ್ತದೆ: ಎಕ್ಸ್ ಬಟನ್ ಅರ್ಧ ಒತ್ತಿದರೆ ಅರ್ಧ ಆಕ್ಸಿಲರೇಟರ್, ಚೌಕದ ಬಟನ್ ಅರ್ಧ ಒತ್ತಿದರೆ ಅರ್ಧ ಬ್ರೇಕ್. ಅಗ್ಗಕ್ಕೆ ಸಿಗುವ ಡೂಪ್ಲಿಕೇಟ್ ಕಂಟ್ರೋಲರುಗಳಲ್ಲಿ ಅನೇಕಕ್ಕೆ ಈ ಗುಣವೇ ಇಲ್ಲ. ಒತ್ತಿದರೆ ನೂರು, ಬಿಟ್ಟರೆ ಸೊನ್ನೆ. ಅಂಥದ್ದರಲ್ಲಿ ಆಡಿ "ಈ ಗೇಮಿನಲ್ಲಿ ಕಾರು ಬರೀ ಜಾರುತ್ತದೆ" ಎಂದು ದೂರುವವರು ಬಹಳ. ಪರದೆಯಲ್ಲಿ ಮೀಟರಿನ ಪಕ್ಕ ಬ್ರೇಕ್, ಆಕ್ಸಿಲರೇಟರ್ ತೋರಿಸುವ ಎರಡು ಪಟ್ಟಿಗಳಿವೆ. ಹೆಬ್ಬೆರಳನ್ನು ಮೆಲ್ಲಗೆ ಅದುಮಿದಾಗ ಪಟ್ಟಿ ಮೆಲ್ಲಗೆ ಏರಿದರೆ ಅಸಲಿ, ಜಿಗಿದರೆ ನಕಲಿ ಅಥವಾ ಒಳಗಿನ ಪದರ ಸವೆದಿದೆ ಎಂದು ಅರ್ಥ. ಬಟನ್ ನಿಯಂತ್ರಣ ಕಷ್ಟ ಎನಿಸಿದರೆ ಆಕ್ಸಿಲರೇಟರ್, ಬ್ರೇಕನ್ನು ಬಲ ಸ್ಟಿಕ್ಕಿಗೆ ಹಾಕಿಕೊಳ್ಳಿ. ಮೊದಲ ದಿನ ಕೈ ತಡವರಿಸುತ್ತದೆ, ವಾರದಲ್ಲಿ ಹಿಡಿತ ಬರುತ್ತದೆ.

ಲೈಸೆನ್ಸ್ ಪರೀಕ್ಷೆಗಳು ಐದು ಬಗೆ, ತಲಾ 16. ತುಂಬ ಜನ ಇವನ್ನು ಹೇಗೋ ಕಂಚಿನಲ್ಲಿ ಮುಗಿಸಿ ಓಡುತ್ತಾರೆ. ಹಾಗೆ ಮಾಡಬೇಡಿ, ಗೇಮಿನ ಅತ್ಯುತ್ತಮ ಭಾಗ ಇದುವೇ. ಅನೇಕ ಪರೀಕ್ಷೆಗಳು ಒಂದೆರಡು ತಿರುವು ಮಾತ್ರ, ಟ್ರ್ಯಾಕ್ ಬಿಟ್ಟರೆ ಅಲ್ಲಿಗೇ ಫೇಲ್. ಒಂದು ಲೈಸೆನ್ಸಿನ ಎಲ್ಲ ಪರೀಕ್ಷೆಗಳಲ್ಲೂ ಬೆಳ್ಳಿ ಅಥವಾ ಚಿನ್ನ ಪಡೆದರೆ ಬಹುಮಾನವಾಗಿ ಬೇರೆ ಬೇರೆ ಕಾರುಗಳು ಸಿಗುತ್ತವೆ. ಕೈಯಲ್ಲಿ ಬರೀ 10,000 ಕ್ರೆಡಿಟ್ ಇರುವಾಗ ಅದು ದೊಡ್ಡ ಆಸರೆ. ಮೆಮೊರಿ ಕಾರ್ಡಿನಲ್ಲಿ ಗ್ರ್ಯಾನ್ ಟುರಿಸ್ಮೊ 3ರ ಸೇವ್ ಇದ್ದರೆ ಮೊದಲಿನ ಬಿ, ಎ ಲೈಸೆನ್ಸುಗಳನ್ನೂ 1,00,000 ಕ್ರೆಡಿಟ್ ತನಕ ಹಣವನ್ನೂ ತಂದುಕೊಳ್ಳಬಹುದು. ಆದರೆ ಪಾಠ ಬಿಟ್ಟುಹೋಗುತ್ತದೆ.

ಹಣ ಕಡಿಮೆ ಇರುವಾಗ ಹಳೆಯ ಕಾರು ಕೊಳ್ಳಿ. ಗೇಮಿನ ಹಳೆಯ ಕಾರುಗಳ ಪಟ್ಟಿ ದಿನ ಕಳೆದಂತೆ ಬದಲಾಗುತ್ತದೆ, ಬೇಕಾದ ಕಾರು ಇವತ್ತು ಇಲ್ಲದಿದ್ದರೆ ನಾಲ್ಕು ರೇಸ್ ಆಡಿ ಬಂದು ನೋಡಬೇಕು. ತಂದ ಕೂಡಲೇ ಆಯಿಲ್ ಬದಲಿಸಿ, ಕಡಿಮೆ ಖರ್ಚಿನಲ್ಲಿ ಕಳೆದ ಶಕ್ತಿ ಸ್ವಲ್ಪ ಮರಳುತ್ತದೆ. ಟರ್ಬೊಗಿಂತ ಮೊದಲು ಟಯರಿಗೂ ಸಸ್ಪೆನ್ಷನ್‌ಗೂ ಹಣ ಹಾಕಿ. ಹಿಡಿತ ಇಲ್ಲದ ಕಾರಿಗೆ ಶಕ್ತಿ ತುಂಬಿದರೆ ನೇರ ರಸ್ತೆಯಲ್ಲಿ ಗಳಿಸಿದ್ದೆಲ್ಲ ಮೊದಲ ತಿರುವಿನಲ್ಲಿ ಹೋಗುತ್ತದೆ.

ಇಲ್ಲಿ ಒಂದು ದೊಡ್ಡ ಕೊರತೆ ಹೇಳಲೇಬೇಕು. ಈ ಗೇಮಿನ ಕಾರುಗಳಿಗೆ ತಿರುವಿನಲ್ಲಿ ಮೂಗು ಹೊರಗೆ ಎಳೆಯುವ ಗುಣ ಅತಿಯಾಗಿ ಉಂಟು. ಹಿಂದಿನ ಚಕ್ರಕ್ಕೆ ಶಕ್ತಿ ಕೊಟ್ಟು ಬಾಲ ಜಾರಿಸಿ ತಿರುಗುವುದು ನಿಜವಾದ ಹಿಂಚಕ್ರದ ಕಾರಿನಲ್ಲಿ ಸುಲಭ, ಇಲ್ಲಿ ಬಹಳ ಕಷ್ಟ. ಸ್ವಲ್ಪ ಸರಿಮಾಡಬಹುದು: ಮುಂದಿನ ಸ್ಟೆಬಿಲೈಸರ್ (ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು) ಮೃದು ಮಾಡಿ, ಹಿಂದಿನದನ್ನು ಒಂದೆರಡು ಅಂಕೆ ಬಿಗಿ ಮಾಡಿ, ಬ್ರೇಕ್ ಬ್ಯಾಲೆನ್ಸಿನಲ್ಲಿ ಹಿಂದಿನ ಅಂಕೆಯನ್ನು ಒಂದು ಏರಿಸಿ. ಒಮ್ಮೆಗೆ ಒಂದೇ ಬದಲಾವಣೆ, ಆಮೇಲೆ ಮೂರು ಸುತ್ತು. ನಾಲ್ಕು ಕಡೆ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಕಾರನ್ನು ನೆಲಕ್ಕೆ ತೀರಾ ತಗ್ಗಿಸುವ ಆಸೆಯೂ ಬೇಡ. ಜರ್ಮನಿಯ ಉಬ್ಬುತಗ್ಗಿನ ಟ್ರ್ಯಾಕ್ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಅಂಥ ಕಾರು ಕುಪ್ಪಳಿಸಿ ಹಿಡಿತ ಕಳೆದುಕೊಳ್ಳುತ್ತದೆ.

ಆ ನ್ಯೂರ್ಬರ್ಗ್‌ರಿಂಗ್ ನೋರ್ಡ್‌ಶ್ಲೈಫ ಈ ಸರಣಿಗೆ ಮೊದಲು ಬಂದದ್ದು ಇದೇ ಗೇಮಿನಲ್ಲಿ. ಒಂದು ಸುತ್ತಿಗೆ 20.8 ಕಿಲೋಮೀಟರ್. ಕಾಡಿನ ನಡುವೆ ಏರಿ ಇಳಿಯುವ ದಾರಿ, ದಿಣ್ಣೆಯ ಆಚೆ ಏನಿದೆ ಎಂದು ಕಾಣುವುದೇ ಇಲ್ಲ. ನಮ್ಮ ಚಾರ್ಮಾಡಿಯಲ್ಲಿ ಮಂಜು ಕವಿದ ದಿನ ಹೋದವರಿಗೆ ಆ ಭಾವ ಗೊತ್ತು. ಪೂರ್ತಿ ಬಾಯಿಪಾಠ ಮಾಡಲು ಹೊರಡಬೇಡಿ. ನಾಲ್ಕು ತುಂಡು ಮಾಡಿ, ಸಾಧಾರಣ ಕಾರಿನಲ್ಲಿ ನಿಧಾನಕ್ಕೆ ಕಲಿಯಿರಿ. ಕಾರುಸೆಲ್ ಎಂಬ ಕಾಂಕ್ರೀಟಿನ ಬಾಗಿದ ತಿರುವಿಗೆ ಒಳಗಿನ ಚಕ್ರಗಳನ್ನು ತೋಡಿಗೆ ಇಳಿಸಿದ ಹಾಗೆ ಇಳಿಸಿಬಿಟ್ಟರೆ ಅದೇ ಕಾರನ್ನು ಹಿಡಿದು ತಿರುಗಿಸುತ್ತದೆ.

ಇನ್ನು ಎದುರಾಳಿಗಳು. ನಮ್ಮ ಜೋಡುಕರೆ ಕಂಬಳದಲ್ಲಿ ಒಂದೊಂದು ಜೋಡಿಗೆ ಒಂದೊಂದು ಕರೆ, ಅಂದರೆ ಓಡುವ ಕೆಸರಿನ ದಾರಿ, ಕೋಣಗಳು ಆಚೀಚೆ ನೋಡದೆ ತಮ್ಮ ಕರೆಯಲ್ಲೇ ಓಡುತ್ತವೆ. ಈ ಗೇಮಿನ ಐದು ಎದುರಾಳಿ ಕಾರುಗಳೂ ಹಾಗೆಯೇ ಆಚೀಚೆ ನೋಡುವುದಿಲ್ಲ, ಆದರೆ ಐದಕ್ಕೂ ಇರುವುದು ಒಂದೇ ಕರೆ. ಆ ಗೆರೆಯಲ್ಲಿ ನೀವು ಇದ್ದರೂ ಬಂದು ಗುದ್ದುತ್ತವೆ. ಕೆಲವು ರ‍್ಯಾಲಿಗಳಲ್ಲಿ ಡಿಕ್ಕಿಯಾದರೆ 5 ಸೆಕೆಂಡ್ ದಂಡ, ಅಷ್ಟು ಹೊತ್ತು ಕಾರು ತೆವಳಬೇಕು. ತಪ್ಪು ಅವರದ್ದಾದರೂ ದಂಡ ನಿಮಗೆ! ಇಷ್ಟು ಶ್ರದ್ಧೆಯಿಂದ ಮಾಡಿದ ಗೇಮಿನಲ್ಲಿ ಇದನ್ನು ಹೀಗೆ ಬಿಟ್ಟದ್ದು ನಿಜಕ್ಕೂ ಬೇಸರದ ಸಂಗತಿ. ಕಾರಿಗೆ ಪೆಟ್ಟಾಗುವುದೂ ಇಲ್ಲ, ಗೋಡೆಗೆ ಒರಗಿ ತಿರುವು ದಾಟಿದರೂ ನಡೆಯುತ್ತದೆ. ಇಂಜಿನ್ ಶಬ್ದವಂತೂ ಅನೇಕ ಕಾರುಗಳಲ್ಲಿ ಮಿಕ್ಸಿ ತಿರುಗಿದ ಹಾಗೆ.

ಪೈಪೋಟಿ ಹುಟ್ಟಿಸುವ ದಾರಿ ಗೇಮಿನ ಒಳಗೇ ಉಂಟು. ಪ್ರತಿ ರೇಸಿಗೆ ಮೊದಲು ಗೆದ್ದರೆ ಎಷ್ಟು ಎ-ಸ್ಪೆಕ್ ಅಂಕ ಎಂದು ತೋರಿಸುತ್ತದೆ, ಹೆಚ್ಚೆಂದರೆ 200. ಬಲಿಷ್ಠ ಕಾರು ತಂದರೆ ಒಂದೆರಡೇ ಅಂಕ, ದುರ್ಬಲ ಕಾರು ತಂದರೆ ನೂರರ ಮೇಲೆ. 100ಕ್ಕಿಂತ ಕಡಿಮೆ ತೋರಿಸಿದರೆ ಆ ರೇಸ್ ಶುರು ಮಾಡಬೇಡಿ. ಶಕ್ತಿ ಕಡಿಮೆಯ ಕಾರಿಗೆ ಹಿಂತಿರುಗಿ. ಆಗ ಕೊನೆಯ ಸುತ್ತಿನ ಕೊನೆಯ ತಿರುವಿನ ತನಕ ಬೆವರು ಬಿಡಿಸುತ್ತದೆ. ಇಂಟರ್ನೆಟ್ ಮೂಲಕ ಆಡುವ ವ್ಯವಸ್ಥೆ ಇಲ್ಲ, ಒಂದೇ ಟಿವಿಯಲ್ಲಿ ಪರದೆ ಹಂಚಿಕೊಂಡು ಇಬ್ಬರು ಆಡಬಹುದು.

ಬಿ-ಸ್ಪೆಕ್‌ನಲ್ಲಿ ಕಾರು ಓಡಿಸುವುದು ಕಂಪ್ಯೂಟರ್, ವೇಗ ಹೆಚ್ಚಿಸು, ಹಿಂದಿಕ್ಕು, ಪಿಟ್‌ಗೆ ಬಾ ಎನ್ನುವುದು ನೀವು. ಸಮಯವನ್ನು 3 ಪಟ್ಟು ಓಡಿಸಬಹುದು. ಹಾಗಾಗಿ 24 ಗಂಟೆಯ ರೇಸಿಗೆ 8 ಗಂಟೆ. ಆದರೆ ನಡುವೆ ಸೇವ್ ಮಾಡುವ ಹಾಗಿಲ್ಲ. ಜೂನ್, ಜುಲೈಯಲ್ಲಿ ಗಾಳಿಮಳೆಗೆ ಕರೆಂಟ್ ಹೋಗುವ ನಮ್ಮ ಕರಾವಳಿಯಲ್ಲಿ ಇನ್ವರ್ಟರ್ ಲೈನಿಗೆ ಕನ್ಸೋಲ್ ಸಿಕ್ಕಿಸದೆ ಇದನ್ನು ಶುರು ಮಾಡಲೇಬೇಡಿ. ಎಲ್ಲ ಹೊತ್ತೂ ಟಿವಿ ಆನ್ ಇರಬೇಕೆಂದಿಲ್ಲ. ಕನ್ಸೋಲ್ ಆರದಿದ್ದರೆ ಸಾಕು.

ಕೊಳ್ಳುವ ವಿಚಾರ. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್: ಮಣಿಪಾಲದ ಹಾಸ್ಟೆಲ್ ಬಿಡುವ ಹುಡುಗರ ಹತ್ತಿರ, ಹಂಪನಕಟ್ಟೆ ಕಡೆಯ ರಿಪೇರಿ ಅಂಗಡಿಗಳಲ್ಲಿ. ಈ ಗೇಮ್ ಇರುವುದು ಎರಡು ಪದರದ ಡಿವಿಡಿಯಲ್ಲಿ, ಅಸಲಿ ಡಿಸ್ಕಿನ ಅಡಿಭಾಗಕ್ಕೆ ಸ್ವಲ್ಪ ಹೊನ್ನಿನ ಛಾಯೆ ಇರುತ್ತದೆ. ಲೆನ್ಸ್ ಸವೆದ ಕನ್ಸೋಲ್ ಬೇರೆ ಗೇಮ್‌ಗಳನ್ನು ಚೆನ್ನಾಗಿ ಓದಿ ಇದರಲ್ಲಿ ಮಾತ್ರ ತಿಣುಕುವುದು ಇದೇ ಕಾರಣಕ್ಕೆ. 4.7 ಜಿಬಿಯ ಸಾದಾ ಡಿಸ್ಕಿಗೆ ಇಳಿಸಿದ ನಕಲಿ ಪ್ರತಿಗಳಲ್ಲಿ ಜಾಗ ಸಾಲದೆ ವಿಡಿಯೊಗಳನ್ನು ಕತ್ತರಿಸಿರುತ್ತಾರೆ. ನಮ್ಮಲ್ಲಿ ನಡೆಯುವುದು ಭಾರತ, ಯುರೋಪಿನ ಟಿವಿ ಪದ್ಧತಿಯಾದ ಪಾಲ್‌ನ ಕನ್ಸೋಲ್, ಅದಕ್ಕೆ ಅಮೆರಿಕದ ಡಿಸ್ಕ್ ಆಗುವುದಿಲ್ಲ. ಅಮೆರಿಕದ ಆವೃತ್ತಿಯಲ್ಲಿರುವ 1080ಐ ಎಂಬ ಹೆಚ್ಚು ಸ್ಪಷ್ಟ ಚಿತ್ರ ಪಾಲ್‌ನಲ್ಲಿ ಇಲ್ಲ. ಹಾಗಿದ್ದರೂ ಹಳದಿ ವಯರ್ ಬಿಟ್ಟು ಹಸಿರು, ನೀಲಿ, ಕೆಂಪಿನ ಕಾಂಪೊನೆಂಟ್ ವಯರ್ ಹಾಕಿ. ದೂರದ ಬ್ರೇಕ್ ಗುರುತು ಮಸುಕಾಗದೆ ಕಾಣುತ್ತದೆ. ಟಿವಿಯನ್ನು ಗೇಮ್ ಮೋಡ್‌ಗೆ ತಿರುಗಿಸಿ, ಇಲ್ಲದಿದ್ದರೆ ಒತ್ತಿದ ಬ್ರೇಕ್ ಪರದೆಗೆ ತಡವಾಗಿ ತಲುಪುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಮೆನು ಬಂತು ಎಂದು ಹಣ ಕೊಡಬೇಡಿ. ಆರ್ಕೇಡ್ ವಿಭಾಗದಲ್ಲಿ ಮೂರು ಬೇರೆ ಬೇರೆ ಟ್ರ್ಯಾಕ್ ಲೋಡ್ ಮಾಡಿಸಿ, ಒಂದು ರೇಸ್ ಮುಗಿಸಿ ರೀಪ್ಲೇ ನೋಡಿ. ಲೋಡ್ ಆಗುವಾಗ ಲೆನ್ಸ್ ಮತ್ತೆ ಮತ್ತೆ ಕಟಕಟ ಎಂದು ಹುಡುಕಾಡಿದರೆ ಬೆಲೆ ಇಳಿಸಿ ಅಥವಾ ಬಿಟ್ಟುಬಿಡಿ. ಮೆಮೊರಿ ಕಾರ್ಡ್ ಅಸಲಿ 8 ಎಂಬಿಯದ್ದೇ ಇರಲಿ. ಮನೆಗೆ ತಂದ ಮೇಲೆ ಡಿಸ್ಕನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಮಳೆಗಾಲ ಶುರುವಾಗುವ ಮೊದಲು ಡಬ್ಬಿಯೊಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕಪಾಟಿನ ಮೇಲಿನ ಸಾಲಿನಲ್ಲಿಡಿ, ಗೋಡೆಗೆ ತಾಗದ ಹಾಗೆ.