ಹಣ್ಣುನೊಣ ಗುರುತಿಸಲು 10 ಪಟ್ಟಿನ ಹ್ಯಾಂಡ್ ಲೆನ್ಸ್ ಸಾಕೇ?

ಮಾವಿನ ತೋಟದ ಮೀಥೈಲ್ ಯೂಜಿನಾಲ್ (ಗಂಡು ಹಣ್ಣುನೊಣಗಳನ್ನು ಸೆಳೆಯುವ ವಾಸನೆಯ ವಸ್ತು) ಬಲೆಗೆ ಬಿದ್ದ ಗಂಡು ನೊಣಗಳನ್ನು ಜಾತಿವಾರು ವಿಂಗಡಿಸಲು ಮೂರು ಗಾಜು ಜೋಡಿಸಿದ, ಮಡಚುವ 10 ಪಟ್ಟಿನ ಲೆನ್ಸ್ ಧಾರಾಳವಾಗಿ ಸಾಕು. 20 ಪಟ್ಟಿನದು ಬೇಡ; ನೋಟ ಕಿರಿದು, ಬೆಳಕು ಕಡಿಮೆ, ಕೈ ಚೂರು ಅಲುಗಿದರೂ ನೊಣ ಕಣ್ತಪ್ಪುತ್ತದೆ.

ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ನೊಣವನ್ನು ಸುಮಾರು 2.5 ಸೆಂ.ಮೀ. ಅಂತರಕ್ಕೆ ತನ್ನಿ. ಮೊದಲು ರೆಕ್ಕೆ ನೋಡಿ. ಮುಂದಿನ ಅಂಚಿನುದ್ದಕ್ಕೂ ಸಪೂರ ಕಂದು ಪಟ್ಟಿ ಕಡಿಯದೆ ತುದಿವರೆಗೆ ಹೋಗಿದ್ದರೆ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಗುಂಪಿನದು. ತುದಿಯಲ್ಲಿ ಮಾತ್ರ ಕಂದು ಚುಕ್ಕೆಯಿದ್ದರೆ ಅದೇ ಬ್ಯಾಕ್ಟ್ರೊಸೆರಾ ಕುಲದ ಝೊನೇಟಾ ಅಥವಾ ಕರೆಕ್ಟಾ ಜಾತಿ. ಎಡವುವುದು ಇಲ್ಲೇ. ನೊಣದ ಮುಖ ಕಾಣುವಂತೆ ತಿರುಗಿಸಿ: ಎರಡು ಬಿಡಿ ಕಪ್ಪು ಚುಕ್ಕೆಯಾದರೆ ಝೊನೇಟಾ, ಅವು ಅಡ್ಡಗೆರೆಯಾಗಿ ಕೂಡಿದ್ದರೆ ಕರೆಕ್ಟಾ. ಝೊನೇಟಾದ ಮೈ ಕೆಂಗಂದು, ಕರೆಕ್ಟಾದ ಎದೆಯ ಮೇಲ್ಭಾಗ ಕಪ್ಪು. ಆದರೆ ಬಲೆಯಲ್ಲಿ ವಾರಗಟ್ಟಲೆ ಬಿದ್ದಿದ್ದ ನೊಣದ ಬಣ್ಣ ನಂಬಬೇಡಿ.

ಡಾರ್ಸಾಲಿಸ್ ಗುಂಪಿನೊಳಗಿನ ಜಾತಿಗಳನ್ನು ಬೇರ್ಪಡಿಸಲು ಮಾತ್ರ ಈ ಲೆನ್ಸ್ ಸಾಲದು, ಮೈಕ್ರೋಸ್ಕೋಪೇ ಬೇಕು.

ಕೊಳ್ಳುವಾಗ ಗ್ರಾಫ್ ಹಾಳೆಯ ಮೇಲಿಟ್ಟು ನೋಡಿ. ಅಂಚಿನ ಗೆರೆಗಳು ಬಾಗಿ, ಬಣ್ಣ ಒಡೆದು ಕಂಡರೆ ಅಂಥದ್ದು ಎಷ್ಟು ಅಗ್ಗವಾದರೂ ಬಿಡಿ.