ಯೂರಿಯಾ ಇಲ್ಲದ ಮೇವು: ಸೀಮೆಹುಲ್ಲೋ, ಜೋಳ-ಅಲಸಂದೆಯೋ, ಬೇಲಿಮೆಂತ್ಯವೋ?

ಯೂರಿಯಾ ಹಾಕದಿದ್ದರೆ ಸೀಮೆಹುಲ್ಲು ಏಳುವುದಿಲ್ಲ ಎನ್ನುವವರಿದ್ದಾರೆ. ಏಳುತ್ತದೆ, ಆದರೆ ಕೊಟ್ಟಿಗೆಯ ಪಕ್ಕದಲ್ಲಿ ಮಾತ್ರ ಎಂಬುದು ನಾನು ಕಂಡದ್ದು. ನಮ್ಮದು ತುಮಕೂರು ಕಡೆಯ ಕೆಂಪು ಮಣ್ಣು, ಬೋರ್‌ವೆಲ್ ನೀರು, ಮಿಶ್ರತಳಿ ಹಸುಗಳು. ಸರ್ಕಾರಿ ಗೊಬ್ಬರದ, ಅಂದರೆ ರಾಸಾಯನಿಕ ಗೊಬ್ಬರದ, ಚೀಲ ತರುವುದನ್ನು ಬಿಟ್ಟ ಮೇಲೆ ಮೂರು ಬಗೆಯ ಮೇವನ್ನು ಅಕ್ಕಪಕ್ಕದಲ್ಲೇ ಬೆಳೆಯುತ್ತಿದ್ದೇನೆ.

ಇಳುವರಿಯಲ್ಲಿ ಸೀಮೆಹುಲ್ಲಿಗೆ ಎದುರಿಲ್ಲ. ನಾನು ಹಾಕಿರುವುದು ಸಿಒ-4 ಎಂಬ ಸಂಕರ ನೇಪಿಯರ್ ತಳಿ. ಎರಡು ಗೆಣ್ಣಿನ ತುಂಡು ನೆಟ್ಟರೆ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಸುಮಾರು 45 ದಿನಕ್ಕೊಂದು. ಆದರೆ ಪ್ರತಿ ಕೊಯ್ಲಿನಲ್ಲೂ ಮಣ್ಣಿನ ಸಾರಜನಕವನ್ನು (ಯೂರಿಯಾ ಕೊಡುವುದೂ ಇದನ್ನೇ) ಹೊತ್ತೊಯ್ಯುವ ಹುಲ್ಲು ಇದು. ಕೊಯ್ದ ಮೂರ್ನಾಲ್ಕು ದಿನಕ್ಕೆ ಗಂಜಲ ಮತ್ತು ಗೋಬರ್ ಗ್ಯಾಸಿನ ಬಗ್ಗಡವನ್ನು ನೀರಿನೊಂದಿಗೆ ಹಾಯಿಸಿದ ಸಾಲುಗಳು ಕಡುಹಸಿರಾಗಿ ಚಿಗುರುತ್ತವೆ. ತಿಪ್ಪೆಗೊಬ್ಬರವನ್ನಷ್ಟೇ ಕಂಡ ದೂರದ ಸಾಲುಗಳು ಕೆಲವೇ ಕೊಯ್ಲಿಗೆ ಹಳದಿಗಟ್ಟುತ್ತವೆ. ಹಸು ಹೊರಹಾಕುವ ಸಾರಜನಕದ ದೊಡ್ಡ ಪಾಲು ಗಂಜಲದಲ್ಲಿರುತ್ತದೆ. ತೆರೆದ ತಿಪ್ಪೆಯಲ್ಲಿ ಅದು ಅಮೋನಿಯವಾಗಿ ಹಾರಿಹೋಗುತ್ತದೆ. ಕೊಟ್ಟಿಗೆಯ ನೆಲಕ್ಕೆ ಸಿಮೆಂಟು ಹಾಕಿಸಿ, ಚರಂಡಿಯನ್ನು ಮುಚ್ಚಿದ ಗುಂಡಿಗೆ ಬಿಟ್ಟ ಖರ್ಚನ್ನು ನಾನು ಗೊಬ್ಬರದ ಬಾಬ್ತಿಗೇ ಬರೆದುಕೊಂಡಿದ್ದೇನೆ. ಬಗ್ಗಡ ತಾನಾಗಿ ಹರಿದು ಹೋಗುವಷ್ಟು ದೂರವೇ ನನ್ನ ಸೀಮೆಹುಲ್ಲಿನ ಗಡಿ. ಡ್ರಮ್ಮಿನಲ್ಲಿ ಹೊತ್ತು ಹಾಕುವವರ ಸೊಂಟಕ್ಕೆ ನಮಸ್ಕಾರ.

ಆಫ್ರಿಕನ್ ಟಾಲ್ ಎಂಬ ಮೇವಿನ ತಳಿಯ ಮುಸುಕಿನ ಜೋಳದ ನಡುವೆ ಅಲಸಂದೆ ಬಿತ್ತಿದರೆ ಹಸುಗಳು ದಂಟನ್ನೂ ಬಿಡುವುದಿಲ್ಲ. ರುಚಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಕಾಳು ಹಾಲು ತುಂಬಿದಾಗ ಕೊಯ್ಯಬೇಕು. ಆದರೆ ಪ್ರತಿ ಬಾರಿಯೂ ಉಳುಮೆ, ಬೀಜ, ಕೂಲಿ. ಸಾಲದ್ದಕ್ಕೆ 2018ರಲ್ಲಿ ಶಿವಮೊಗ್ಗ ಭಾಗದಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಸುಳಿಯೊಳಗೆ ಕೂತು ಮೇಯುತ್ತದೆ. ಅಲಸಂದೆ ದ್ವಿದಳ ಬೆಳೆ, ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿದಿಡುತ್ತದೆ; ಆದರೆ ಅದೇ ಬೆಳೆಯಲ್ಲಿ ಅದನ್ನು ಪಕ್ಕದ ಜೋಳಕ್ಕೆ ಉಣಬಡಿಸುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಜೋಳದ ಪಾಲಿಗೆ ಹೆಚ್ಚು ಕೈ ಹಾಕುವುದಿಲ್ಲ, ಅಷ್ಟೆ. ಬೇರು ಕೊಳೆತ ಮೇಲೆ ಮುಂದಿನ ಬೆಳೆಗೆ ಸಿಗುವುದೇ ನಿಜವಾದ ಲಾಭ.

ಬೇಲಿಮೆಂತ್ಯ (ಹೆಡ್ಜ್ ಲೂಸರ್ನ್) ಎಂಬ ಬಹುವಾರ್ಷಿಕ ದ್ವಿದಳ ಮೇವು ಮೊದಲಿಗೆ ತಾಳ್ಮೆ ಪರೀಕ್ಷಿಸುತ್ತದೆ. ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿನಲ್ಲಿ ಅದ್ದಿ ತೆಗೆಯದಿದ್ದರೆ ಬಹುಪಾಲು ಮೊಳೆಯುವುದೇ ಇಲ್ಲ. ಮೊದಲ ಮೂರು ತಿಂಗಳು ಕಳೆ ಕೀಳುವುದೇ ಕೆಲಸ. ಅಲ್ಲಿಂದಾಚೆಗೆ ಸಾರಜನಕದ ಚಿಂತೆಯಿಲ್ಲ. ಬೇರಿನ ಗಂಟನ್ನು ಸೀಳಿ ನೋಡಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಗಿಡ ತನ್ನ ಗೊಬ್ಬರವನ್ನು ತಾನೇ ಮಾಡಿಕೊಳ್ಳುತ್ತಿದೆ ಎಂದರ್ಥ. ರಂಜಕ, ಪೊಟ್ಯಾಷ್‌ಗೆ ವರ್ಷಕ್ಕೊಮ್ಮೆ ಕೊಟ್ಟಿಗೆ ಗೊಬ್ಬರ, ಬೂದಿ ಹಾಕುತ್ತೇನೆ. ತೂಕದಲ್ಲಿ ಸೀಮೆಹುಲ್ಲಿನ ಹತ್ತಿರಕ್ಕೂ ಬರುವುದಿಲ್ಲ, ಪ್ರೋಟೀನಿನಲ್ಲಿ ಮಾತ್ರ ಸರಿಸುಮಾರು ಅದರ ಎರಡರಷ್ಟು. ಕುದುರೆಮೆಂತ್ಯದಂತೆ (ಲೂಸರ್ನ್) ಹೊಟ್ಟೆಯುಬ್ಬರದ ಭಯವೂ ಇಲ್ಲ. ಮೂರು ಪಾಲು ಹುಲ್ಲಿಗೆ ಒಂದು ಪಾಲು ಸೇರಿಸಿ ಕತ್ತರಿಸಿ ಹಾಕಲು ಶುರು ಮಾಡಿದ ಮೇಲೆ ಹಿಂಡಿಯ ಖರ್ಚು ಇಳಿದಿದೆ.

ಬಗ್ಗಡ ಹರಿಯುವಲ್ಲಿ ಸೀಮೆಹುಲ್ಲು, ಹರಿಯದ ಕಡೆ ಬೇಲಿಮೆಂತ್ಯ: ಜಾಗ ಕಡಿಮೆ ಇರುವವರಿಗೆ ನಾನು ಹೇಳುವುದು ಇದನ್ನೇ. ಜೋಳ-ಅಲಸಂದೆಯನ್ನು ಮುಂಗಾರಿನಲ್ಲಿ, ರಾಗಿಗೆ ಬಿಟ್ಟು ಉಳಿದ ಮಳೆಯಾಶ್ರಿತ ತುಂಡಿನಲ್ಲಿ ಬಿತ್ತಿದರೆ ಸಾಕು; ಅದಕ್ಕಾಗಿ ಬೋರ್‌ವೆಲ್ ನೀರನ್ನು ಖರ್ಚು ಮಾಡಬೇಡಿ.