ಮಣಿಕಟ್ಟಿಗೋ, ತೋಳಿಗೋ?

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಮಾವನವರಿಗೆ ಸ್ಟ್ರೋಕ್ ಆಗಿ ಬಲಗೈ ಸೋತಾಗ, ಕೈ ಎಷ್ಟು ಆಡುತ್ತಿದೆ ಅಂತ ಅಳೆಯುವ ಸೆನ್ಸರ್ ಎಲ್ಲಿಗೆ ಕಟ್ಟೋದು ಅನ್ನೋ ಗೊಂದಲವಿತ್ತು.

ಮಣಿಕಟ್ಟಿಗೆ ವಾಚಿನಂತೆ ಕಟ್ಟುವ ಸೆನ್ಸರ್ ಹಗುರ, ದಿನವಿಡೀ ಇರಬಹುದು. ಆದರೆ ಎರಡೂ ಕೈಗೆ ಬೇಕು. ಸೋತ ಕೈ ಎಷ್ಟು ಆಡಿತು ಅನ್ನೋದು ಇನ್ನೊಂದರ ಜೊತೆ ಹೋಲಿಸಿದರೇ ಅರ್ಥವಾಗುವುದು. ಆರೋಗ್ಯವಂತರಲ್ಲಿ ಎರಡೂ ಕೈ ಆಡುವ ಅನುಪಾತ ಹೆಚ್ಚುಕಡಿಮೆ 1, ಅಂದರೆ ಸಮಸಮ. ಒಂದು ಮೋಸವಿದೆ: ನಡೆಯುವಾಗ ಕೈ ಸುಮ್ನೆ ಬೀಸಿದರೂ, ಲೋಕಲ್ ಟ್ರೇನ್ ಕುಲುಕಿದರೂ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ!

ತೋಳು, ಮುಂಗೈಗೆ ಕಟ್ಟುವ ಸೆಟ್‌ನಲ್ಲಿ ತಿರುಗುವಿಕೆ ಅಳೆಯುವ ಗೈರೋಸ್ಕೋಪ್ ಕೂಡ ಇರುತ್ತದೆ. ಮೊಣಕೈ ಎಷ್ಟು ಡಿಗ್ರಿ ಬಿಚ್ಚಿತು ಅಂತ ಹೇಳುತ್ತದೆ. ಲೋಟ ಹಿಡಿಯಲು ಮಾವ ಮೈಯನ್ನೇ ವಾಲಿಸುತ್ತಿದ್ದರು. ಎದೆಗೂ ಒಂದು ಕಟ್ಟಿದರೆ ಆ ಕಳ್ಳಾಟವೂ ಸಿಕ್ಕಿಬೀಳುತ್ತದೆ. ಆದರೆ ಒಂದೇ ಕೈಯಲ್ಲಿ ಇಷ್ಟೆಲ್ಲ ಪಟ್ಟಿ ಬಿಗಿಯೋದು ಕಷ್ಟ ಅಲ್ವಾ?

ಮನೆಯಲ್ಲಿ ಕೈ ಬಳಸುತ್ತಾರಾ ಅನ್ನೋದಷ್ಟೇ ತಿಳಿಯಬೇಕಾದರೆ ಮೊದಲನೆಯದು ಸಾಕು. ಹೇಗೆ ಬಳಸುತ್ತಾರೆ ಅನ್ನೋದಕ್ಕೆ ಎರಡನೆಯದು, ಅದೂ ಫಿಸಿಯೋ ಎದುರಿಗೆ.